ಉಂಡ ಮೇಲೆ ಕೈಗೆ ಬಂದ ತಾರು

ಟಪಾಲ ಅಣ್ಣನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನು ತೀರಿಕೊಂಡು ಎಷ್ಟೋ ವರ್ಷವಾಯಿತು, ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಅನ್ನುವವರಿಗೇನು ಹೋಗುವುದು! ಅವನು ಕೆಟ್ಟವನಾಗಿದ್ದರೆ ನನಗೆ ಹಗುರಾಗುತ್ತಿತ್ತು. ನಾಲ್ಕು ಬೈದು ಮರೆತುಬಿಡುತ್ತಿದ್ದೆ. ಆದರೆ ಊರಲ್ಲಿ ಅವನಷ್ಟು ಒಳ್ಳೆಯವರು ಕಡಿಮೆ. ಅದೇ ನನ್ನ ತ್ರಾಸು.

ನನ್ನ ತವರು ಬಮ್ಮಿಗಟ್ಟಿ. ಎಂಬತ್ತರ ದಶಕದ ಶುರುವಿನಲ್ಲಿ ನವಲಗುಂದ ತಾಲೂಕಿನ ಈ ಎರೆನೆಲದ ಊರಿಗೆ ನನ್ನನ್ನು ಕೊಟ್ಟರು. ಎರಡೂ ಒಂದೇ ಜಿಲ್ಲೆ ಅನ್ನುವುದು ಹೆಸರಿಗಷ್ಟೇ. ಅಲ್ಲಿ ಭತ್ತದ ಗದ್ದೆ, ಮಾವಿನ ಗಿಡ, ಮನೆಯ ಹಿಂದೆ ಹಸಿರು. ಇಲ್ಲಿ ಎತ್ತ ನೋಡಿದರೂ ಕರಿನೆಲ, ಕಣ್ಣಿಗೆ ಅಡ್ಡ ಬರಲು ಒಂದು ಜಾಲಿಗಿಡ ಸಿಕ್ಕರೆ ಪುಣ್ಯ. ತವರಿಗೆ ಹೋಗಬೇಕೆಂದರೆ ಹುಬ್ಬಳ್ಳಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಬಸ್ ತಪ್ಪಿದರೆ ದಿನವೇ ತಪ್ಪಿದಂತೆ. ಊರಲ್ಲಿ ಫೋನು ಇರಲಿಲ್ಲ. ಅವ್ವನಿಗೂ ನನಗೂ ನಡುವೆ ಇದ್ದದ್ದು ಪೋಸ್ಟ್ ಕಾರ್ಡ್ ಒಂದೇ.

ಅವ್ವನಿಗೆ ಓದು ಬರಹ ಇಲ್ಲ. ಆಕೆ ಹೇಳಬೇಕು, ನನ್ನ ತಮ್ಮ ಬರೆಯಬೇಕು. ಅವನೋ ಮಹಾ ಮೈಗಳ್ಳ. ಅವ್ವ ಒಲೆಯ ಮುಂದೆ ಕೂತು ಅರ್ಧ ತಾಸು ಹೇಳಿರುತ್ತಾಳೆ, ಇವನು ಬರೆಯುವುದು ಇಷ್ಟು: "ಅವ್ವ ಭಾಳ ಹೇಳಾಕತ್ತಾಳ, ಕಾರ್ಡಿನ್ಯಾಗ ಹಿಡಿಸೂದಿಲ್ಲ. ಎಲ್ಲಾರೂ ಆರಾಮ ಅದೀವಿ." ಓದಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಆ ಭಾಳ ಅನ್ನುವುದರಲ್ಲಿ ಏನೇನಿತ್ತೋ! ಆದರೂ ಆ ಕಾರ್ಡನ್ನು ಎರಡೆರಡು ಸಲ ಓದುತ್ತಿದ್ದೆ. ಅವ್ವ ಹೇಳುತ್ತಾ ಕೂತ ಹೊತ್ತಾದರೂ ಅದರಲ್ಲಿ ಇತ್ತಲ್ಲ.

ಟಪಾಲು ಬರುತ್ತಿದ್ದದ್ದು ಬೆಳಗಿನ ನವಲಗುಂದದ ಬಸ್ಸಿನಲ್ಲಿ. ಕಂಡಕ್ಟರ್ ಖಾಕಿ ಚೀಲ ಕೆಳಗೆ ಕೊಟ್ಟರೆ ಟಪಾಲ ಅಣ್ಣ ಅದನ್ನು ಹೆಗಲಿಗೆ ಹಾಕಿಕೊಂಡು ಸಾಲಿ ಮಾಸ್ತರರ ಮನೆಗೆ ಹೋಗುತ್ತಿದ್ದ. ನಮ್ಮ ಟಪಾಲ ಕಚೇರಿ ಅಂದರೆ ಆ ಮಾಸ್ತರರ ಪಡಸಾಲೆಯ ಒಂದು ಮೂಲೆ. ಅಲ್ಲಿ ಚೀಲ ಬಿಚ್ಚಿ, ಶಿಕ್ಕಾ ಹೊಡೆದು, ಓಣಿಗೊಂದು ಕಟ್ಟು ಮಾಡಿಕೊಂಡು ಅಣ್ಣ ಸೈಕಲ್ ಹತ್ತುತ್ತಿದ್ದ. ಯಾರ ಮನೆಗೆ ಏನು ಬಂದಿದೆ ಅನ್ನುವುದು ಅವನ ಸಪ್ಪಳದಲ್ಲೇ ಊರಿಗೆ ತಿಳಿಯುತ್ತಿತ್ತು. ನಾಲ್ಕು ಮೂಲೆಗೆ ಅರಿಶಿಣ ಹಚ್ಚಿದ ಲಗ್ನದ ಕಾಗದವಿದ್ದರೆ ಓಣಿಯ ಬಾಯಿಂದಲೇ ಗಂಟೆ ಬಾರಿಸುತ್ತಾ, "ಯವ್ವಾ, ಅರಿಶಿಣದ ಕಾಗದ ಬಂದೈತಿ, ಬೆಲ್ಲ ತರ್ರಿ ಬೆಲ್ಲ!" ಎಂದು ಒದರುತ್ತಿದ್ದ.

ಸಾವಿನ ಸುದ್ದಿ ಬಂದ ದಿನ ಅವನ ರೀತಿಯೇ ಬೇರೆ. ಆ ಕಾಗದದ ಮೂಲೆ ಹರಿದಿರುತ್ತಿತ್ತು. ಅದನ್ನು ಮನೆಯೊಳಗೆ ಒಯ್ಯುವಂತಿಲ್ಲ, ಹೊರಗೇ ಓದಿ ಹರಿದು ಹಾಕಬೇಕು. ಅಂಥ ಕಾಗದವೋ, ತಾರು ಅಂದರೆ ತಂತಿ ಸುದ್ದಿಯೋ ಬಂದರೆ ಅವನು ಓಣಿಯ ತುದಿಗೇ ಸೈಕಲ್ ಇಳಿದು, ತಳ್ಳಿಕೊಂಡು ಬಂದು, ಕಟ್ಟೆಯ ಹತ್ತಿರ ನಿಂತು ಮೆಲ್ಲಗೆ ಕೇಳುತ್ತಿದ್ದ: "ಊಟಾತೇನ್ರಿ?" ಇಲ್ಲ ಅಂದರೆ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದ. "ಸಾವಕಾಶ ಉಣ್ರಿ. ನಂದೇನ ಗಡಿಬಿಡಿ ಇಲ್ಲ." ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ಮಣ್ಣಾಗುವ ತನಕ ಆ ಮನೆಯವರು ಬಾಯಿಗೆ ಏನೂ ಹಾಕುವಂತಿಲ್ಲ. ದೂರದ ಊರಾದರೆ ಮರುದಿನದ ತನಕ ಉಪವಾಸ. ಹೋಗುವ ಮುಂಚೆ ಎರಡು ರೊಟ್ಟಿ ಹೊಟ್ಟೆಗೆ ಹೋಗಲಿ ಅನ್ನುವುದು ಅವನ ಲೆಕ್ಕ. ಅವನು ಕಟ್ಟೆಯ ಮೇಲೆ ಕೂತ ಅಂದರೆ ಯಾಕೆ ಅನ್ನುವುದು ಕೆಲವರಿಗೆ ಗೊತ್ತಾಗಿಬಿಡುತ್ತಿತ್ತು. ಗೊತ್ತಾದವರೂ ಗೊತ್ತಿಲ್ಲದವರ ಹಾಗೆ ಒಳಗೆ ಹೋಗಿ ಉಣ್ಣುತ್ತಿದ್ದರು. ಬಾಜು ಮನೆಯ ಮುದುಕನ ಅಕ್ಕ ಹೋದಾಗ ಅವನು ಹೀಗೇ ಕೂತದ್ದನ್ನು ನೋಡಿ ನಾನು ನಮ್ಮತ್ತೆಗೆ ಹೇಳಿದ್ದೆ: "ದೇವರಂಥಾ ಮನಷ್ಯಾ ನೋಡ್ರಿ ಅತ್ತಿ." ಹೌದು, ನಾನೇ ಅಂದದ್ದು.

ನನಗೆ ಮೊದಲನೆಯದು ಹೆಣ್ಣು ಕೂಸು. ತವರಲ್ಲಿ ಹೆತ್ತು, ಅವ್ವನ ಕೈಯಲ್ಲಿ ಬಾಣಂತನ ಮಾಡಿಸಿಕೊಂಡು ದೀಪಾವಳಿಯ ಹೊತ್ತಿಗೆ ಗಂಡನ ಮನೆಗೆ ಬಂದಿದ್ದೆ. ಹೆಣ್ಣಾಯಿತು ಅಂತ ನಮ್ಮತ್ತೆಯ ಮುಖ ಗಂಟಾಗಿತ್ತು. ಬೈಯುವವಳಲ್ಲ ಆಕೆ, ಮಾತೇ ಆಡುತ್ತಿರಲಿಲ್ಲ, ಅದು ಬೈಗುಳಕ್ಕಿಂತ ಕಡೆ. ಹಾಗೇ ಎಳ್ಳಮಾಸಿ ಬಂತು.

ಎಳ್ಳಮಾಸಿ ಅಂದರೆ ನಮ್ಮ ಕಡೆ ಹೊಲದ ಹಬ್ಬ. ಹಿಂಗಾರಿ ಜೋಳ ಎದೆಮಟ್ಟ ನಿಂತಿರುತ್ತದೆ, ಕಡಲೆ ಹೂ ಬಿಟ್ಟಿರುತ್ತದೆ. ಮನೆಗೆ ಕೀಲಿ ಹಾಕಿ ಎಲ್ಲರೂ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಹಿಡಿದು, ಆ ಎಡೆಯನ್ನು ಹೊಲದ ಸುತ್ತ ಚೆಲ್ಲಿ ಉಂಡು ಬರಬೇಕು. ಚರಗ ಚೆಲ್ಲುವುದು ಅನ್ನುತ್ತೇವೆ. ಅವತ್ತು ಕೋಳಿ ಕೂಗುವ ಮುಂಚೆ ಎದ್ದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣಿಗಾಯಿ, ಪುಂಡಿಪಲ್ಲೆ, ಬುತ್ತಿ ಎಲ್ಲ ಮಾಡಿದ್ದೆವು. ಹೊಲದಲ್ಲಿ ನಮ್ಮ ಯಜಮಾನರು ಮುಂದೆ "ಹುಲ್ಲುಲಿಗೋ" ಎಂದು ಚರಗ ಚೆಲ್ಲುತ್ತಾ ಹೋದರು, ಹಿಂದೆ ಒಬ್ಬ ಆಳು "ಸಲಾಂಬ್ರಿಗೋ" ಎನ್ನುತ್ತಾ ನೀರು ಹಾಕುತ್ತಾ ನಡೆದ. ನಾನು ಕೂಸನ್ನು ಬಗಲಲ್ಲಿ ಎತ್ತಿಕೊಂಡು ನೋಡುತ್ತಾ ನಿಂತಿದ್ದೆ. ಬಿಸಿಲು ಎಳೆಯದಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಅವತ್ತು ಖುಷಿಯಾಗಿತ್ತು.

ಆಗ ಟಪಾಲ ಅಣ್ಣ ಒಡ್ಡಿನ ಮೇಲೆ ನಡೆದುಕೊಂಡು ಬಂದ. ಸೈಕಲ್ಲನ್ನು ಸಡಕಿನ ಬದಿಗೇ ಬಿಟ್ಟಿದ್ದ. ಅವನ ಸಪ್ಪಳವಿಲ್ಲದ ನಡಿಗೆಯನ್ನು ಊರೊಳಗೆ ನೋಡಿದ್ದರೆ ನನ್ನ ಎದೆ ಒಡೆಯುತ್ತಿತ್ತು. ಆದರೆ ಇದು ಹೊಲ, ಹಬ್ಬದ ದಿನ. ಅವತ್ತು ಯಾರು ಹೊಲಕ್ಕೆ ಬಂದರೂ ಉಣ್ಣಿಸದೆ ಕಳಿಸುವಂತಿಲ್ಲ. ಉಣ್ಣಲು ಬಂದ ಅಂತಲೇ ತಿಳಿದೆ. ಅವನೂ ಯಜಮಾನರೂ ಎತ್ತು ಕಟ್ಟಿದ ಕಡೆ ನಿಂತು ಏನೋ ಮಾತಾಡಿದರು. ಯಜಮಾನರು ಒಂದು ಕಾಗದ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಸೊಸಾಯಿಟಿಯಿಂದ ಗೊಬ್ಬರದ್ದು ಏನೋ ಬಂದಿರಬೇಕು ಅಂದುಕೊಂಡೆ. ಆಮೇಲೆ ಅವರು ಅತ್ತೆಯನ್ನು ಕರೆದು ಮಾತಾಡಿದರು.

"ಬರ್ರಿ ಅಣ್ಣಾ, ಎಡಿ ಆಗೇತಿ, ಉಂಡ ಹೋಗ್ರಿ" ಎಂದೆ.

"ಒಲ್ಲ ತಂಗೆವ್ವಾ, ಇನ್ನೂ ಓಣಿ ತಿರಗೂದೈತಿ."

"ಅಯ್ಯ, ಎಳ್ಳಮಾಸಿ ದಿವಸ ಒಲ್ಲ ಅಂತೀರೇನ್ರಿ! ಕುಂಡ್ರಿ."

ಕೂತ. ಗಂಡಸರ ಸಾಲಿನಲ್ಲಿ ಕೂತವನಿಗೆ ನಾನೇ ಬಡಿಸಿದೆ. ಬಡಿಸುತ್ತಾ ಕೇಳಿದೆ: "ನಮ್ಮವ್ವನ ಕಾರ್ಡ ಬಂದಿಲ್ಲೇನ್ರಿ ಅಣ್ಣಾ? ಭಾಳ ದಿವಸಾತು."

"ಇಲ್ಲವಾ, ಕಾರ್ಡ ಬಂದಿಲ್ಲ" ಎಂದ. ತಲೆ ಎತ್ತಲಿಲ್ಲ. "ನಮ್ಮ ತಮ್ಮಗ ಹೊಡೀಬೇಕ ನೋಡ್ರಿ" ಎಂದು ನಾನು ನಕ್ಕೆ.

ಗಂಡಸರದ್ದಾಗಿ, ಆಳುಗಳದ್ದಾಗಿ, ಹೆಂಗಸರ ಪಾಳಿ ಬರುವಾಗ ಹೊತ್ತು ನೆತ್ತಿಗೆ ಬಂದಿತ್ತು. ಎಂದಿನಂತೆ ಅತ್ತೆಗೆ ಬಡಿಸಿ ನಾನು ಕಡೆಗೆ ಕೂರುವವಳು. ಅವತ್ತು ಆಕೆ ನನ್ನ ಕೈಯಿಂದ ಬುಟ್ಟಿ ಕಸಿದುಕೊಂಡಳು. "ನೀ ಕುಂಡ್ರು. ನಾ ಬಡಸ್ತೀನಿ." ಕೂಸನ್ನು ನನ್ನ ಬಗಲಿನಿಂದ ತೆಗೆದು ತನ್ನ ತೊಡೆಯ ಮೇಲೆ ಹಾಕಿಕೊಂಡಳು, ನನ್ನ ಎಲೆಗೆ ಹೋಳಿಗೆ ಹಾಕಿದಳು, ಮೇಲೆ ತುಪ್ಪ ಸುರಿದಳು. ಸಾಕು ಅಂದರೂ ಇನ್ನೊಂದು ಹಾಕಿದಳು. "ಹೊಟ್ಟಿ ತುಂಬ ಉಣ್ಣು ಬೇ. ಕೂಸಿಗೆ ಹಾಲ ಬೇಕು."

ಅತ್ತೆಯ ಮನಸ್ಸು ತಿರುಗಿತು, ನನ್ನ ಹೆಣ್ಣುಕೂಸನ್ನು ತನ್ನದು ಅಂದುಕೊಂಡಳು ಅಂತ ಎಷ್ಟು ಹಿಗ್ಗಿದೆನೋ ಶಿವನೇ ಬಲ್ಲ. ಉಣ್ಣುತ್ತಾ ಉಣ್ಣುತ್ತಾ ನಾನು ಮನಸ್ಸಿನಲ್ಲೇ ಅವ್ವನಿಗೆ ಕಾರ್ಡು ಬರೆಯುತ್ತಿದ್ದೆ. ಅವ್ವಾ, ಅತ್ತೆ ಇವತ್ತು ತಾನೇ ಕೂಸನ್ನು ಇಸಗೊಂಡಳು, ತಾನೇ ಬಡಿಸಿದಳು, ನನ್ನ ಚಿಂತೆ ಮಾಡಬೇಡ. ತಮ್ಮ ಅದನ್ನು ಓದಿ ಹೇಳಿದರೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಇನ್ನೊಮ್ಮೆ ಓದು ಅನ್ನುತ್ತಾಳೆ ಅಂತೆಲ್ಲ ನೆನೆಸಿದೆ.

ನಮ್ಮ ಎರೆಹೊಲದಿಂದ ಸಡಕು ಬಿಚ್ಚಿಟ್ಟಂತೆ ಕಾಣುತ್ತದೆ. ಮಧ್ಯಾಹ್ನದ ಹುಬ್ಬಳ್ಳಿ ಬಸ್ಸು ಧೂಳು ಎಬ್ಬಿಸಿಕೊಂಡು ಹೋಯಿತು. ಯಜಮಾನರು ಎದ್ದು ನಿಂತು ಅದನ್ನು ನೋಡಿದರು, ನನ್ನ ಎಲೆಯನ್ನು ನೋಡಿದರು, ಮತ್ತೆ ಕೂತರು. ನಾನು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಬಸ್ಸು ನೋಡಿದೆ, ಇವತ್ತು ಹಬ್ಬ, ಖಾಲಿ ಹೋಗುತ್ತಿದೆ ಅಂದುಕೊಂಡೆ. ಎರಡನೆಯ ಹೋಳಿಗೆ ಮುಗಿಸಿದೆ.

ನಾನು ಕೈ ತೊಳೆದ ಮೇಲೆ ಅವರು ಹತ್ತಿರ ಬಂದರು. "ತಾರ ಬಂದೈತಿ. ನಿಮ್ಮವ್ವ ನಿನ್ನೆ ಮಧ್ಯಾಹ್ನ ಹೋದಳಂತ" ಎಂದರು. ಎದೆ ಹಿಡಿದುಕೊಂಡು ಕೂತವಳು ಮತ್ತೆ ಎದ್ದಿರಲಿಲ್ಲ. ಆಳು ಕಳಿಸಿದರೆ ಎರಡು ಬಸ್ಸು ಬದಲಿಸಿ ಬರುವುದಕ್ಕೆ ತಡವಾಗುತ್ತದೆ, ತಾರು ಬೇಗ ಮುಟ್ಟುತ್ತದೆ ಅಂತ ತಮ್ಮ ಸಂಜೆಯೇ ಹತ್ತಿರದ ಕಲಘಟಗಿಗೆ ಓಡಿ ತಾರು ಕೊಟ್ಟಿದ್ದ. ಅದು ನವಲಗುಂದಕ್ಕೆ ಬಂದು, ಬೆಳಗಿನ ಚೀಲದಲ್ಲಿ ಕೂತು ನಮ್ಮೂರಿಗೆ ಬಂದಿತ್ತು. ತಾರು ತಡ ಮಾಡಲಿಲ್ಲ. ಬರುವ ಹೊತ್ತಿಗೇ ಬಂದಿತ್ತು.

"ಯಾವಾಗ ಬಂತ್ರಿ?" ಎಂದೆ.

ಅವರು ಚಕ್ಕಡಿ ಹೂಡಲು ಹೋದರು. ಟಪಾಲ ಅಣ್ಣ ಅಷ್ಟೊತ್ತಿಗೆ ಒಡ್ಡು ದಾಟಿ ಹೋಗಿದ್ದ. ನನ್ನ ಬಾಯಲ್ಲಿ ಬೆಲ್ಲದ ರುಚಿ ಇನ್ನೂ ಇತ್ತು. ಬೆರಳು ಗಂಟಲಿಗೆ ಹಾಕಿಕೊಂಡೆ, ಉಂಡದ್ದು ಹೊರಗೆ ಬರಲಿಲ್ಲ.

ನಂತರದ ಬಸ್ಸು ಸಂಜೆಯದು. ಹುಬ್ಬಳ್ಳಿ ಸ್ಟ್ಯಾಂಡಿನಲ್ಲಿ ಕೂಸು ಅಳುತ್ತಿತ್ತು, ಹಾಲು ಕುಡಿಸಿದೆ. ಹಾಲು ಬೇಕಾದಷ್ಟು ಇತ್ತು. ನನ್ನ ಮೈಗೇ ನಾಚಿಕೆ ಇಲ್ಲವಲ್ಲ ಅನಿಸಿತು. ಬಮ್ಮಿಗಟ್ಟಿಯಲ್ಲಿ ಇಳಿದು ಮನೆ ಮುಟ್ಟಿದಾಗ ಕತ್ತಲಾಗಿತ್ತು. ಪಡಸಾಲೆ ತೊಳೆದಿದ್ದರು. ನೆಲ ಇನ್ನೂ ಹಸಿ ಇತ್ತು. ಅದನ್ನು ನೋಡಿದ ಮೇಲೆ ಯಾರೂ ನನಗೆ ಏನೂ ಹೇಳಬೇಕಾಗಿರಲಿಲ್ಲ.

ತಮ್ಮ ಬಂದು ಕಾಲು ಹಿಡಿದುಕೊಂಡ. "ಅಕ್ಕಾ, ಕಾಯ್ದ್ವಿ ಬೇ. ಹೊತ್ತು ಮುಣಗೂತನಕ ಕಾಯ್ದ್ವಿ. ತಾರ ಮುಟ್ಟಿರ್ತೈತಿ, ಮಧ್ಯಾಹ್ನದ ಬಸ್ಸಿಗೆ ಹತ್ತಿರ್ತಾಳ ಅಂತ ನಾನ ಹೋಗಿ ಸ್ಟ್ಯಾಂಡಿನ್ಯಾಗ ನಿಂತಿದ್ದೆ. ಬಸ್ ಬಂತು, ನೀ ಇಳೀಲಿಲ್ಲ. ಹಿರೇರು ಇನ್ನ ಇಡಾಕ ಬರೂದಿಲ್ಲ ಅಂದ್ರು."

ನಮ್ಮಲ್ಲಿ ಸತ್ತವರನ್ನು ಕೂರಿಸುತ್ತಾರೆ. ಅವ್ವನನ್ನು ವಿಭೂತಿ ಹಚ್ಚಿ, ಹೂವು ಏರಿಸಿ, ಬಾಗಿಲಿಗೆ ಮುಖ ಮಾಡಿ ಕೂರಿಸಿದ್ದರಂತೆ. ನಾನು ಒಳಗೆ ಬಂದ ಕೂಡಲೇ ಕಾಣಲಿ ಅಂತ. ರಾತ್ರಿಯಿಡೀ ಭಜನೆ ಮಾಡಿದರು. ಮಗಳು ಬಂದು ಬಾಯಿಗೆ ನೀರು ಬಿಡಬೇಕು ಅಂತ ಒಂದು ತಂಬಿಗೆ ತುಂಬಿ ಬಾಜು ಇಟ್ಟಿದ್ದರು. ಆ ನೀರನ್ನು ಕಡೆಗೆ ಚಿಕ್ಕವ್ವ ಬಿಟ್ಟಳು.

ನಾನು ಸಿಕ್ಕವರನ್ನೆಲ್ಲ ಕೇಳಿದೆ, ಅವ್ವನ ಮುಖ ಹೇಗಿತ್ತು ಅಂತ. ಮಲಗಿದಂತೆ ಇತ್ತು ಅಂದಳು ತಮ್ಮನ ಹೆಂಡತಿ. ಬಾಯಿ ಚೂರು ತೆರೆದಿತ್ತು, ಏನೋ ಹೇಳುವ ಹಾಗೆ ಅಂದಳು ಚಿಕ್ಕವ್ವ. ತಮ್ಮ, "ಭಾಳ ವಿಭೂತಿ ಹಚ್ಚಿದ್ರು ಅಕ್ಕಾ, ನನಗ ನೋಡಾಕ ಆಗ್ಲಿಲ್ಲ" ಎಂದು ಅತ್ತ. ಮೂವರು ಹೇಳಿದ್ದನ್ನು ಕೂಡಿಸಿದರೂ ನನಗೆ ಅವ್ವ ಕಾಣಲಿಲ್ಲ. ಬೆಳಗಾದ ಮೇಲೆ ಹೊಲದಲ್ಲಿ ಮಣ್ಣು ಮಾಡಿದ ಕಡೆ ಹೋದೆ. ಹಸಿ ಮಣ್ಣನ್ನು ಕೈಯಲ್ಲಿ ಬಗೆಯತೊಡಗಿದೆ. "ಒಂದ ಸಲ ತಗೀರಿ, ನೋಡಿ ಮುಚ್ಚೂಣು, ಒಂದ ಸಲ!" ಎಂದು ಚೀರಿದೆ. ಚಿಕ್ಕವ್ವ ನನ್ನನ್ನು ಹಿಂದಿನಿಂದ ತೆಕ್ಕೆ ಹಾಯ್ದು ಎಳೆದಳು.

ದಿನಕರ್ಮ ಮುಗಿಸಿಕೊಂಡು ಗಂಡನ ಮನೆಗೆ ಬಂದರೆ ಊರಿಗೆ ಊರೇ ಒಂದು ಕಡೆ, ನಾನು ಒಬ್ಬಳೇ ಒಂದು ಕಡೆ. "ಪುಣ್ಯವಂತಿ, ಹಬ್ಬದ ಊಟ ಉಂಡ ಹೋದಿ" ಎಂದು ನೀರು ತರುವ ಹೆಂಗಸರು ಹೇಳುತ್ತಿದ್ದರು. ಸಮಾಧಾನಕ್ಕೇ ಹೇಳಿದ್ದು, ನನಗೆ ಕೊಡ ಎತ್ತಿ ಹಾಕಬೇಕು ಅನಿಸುತ್ತಿತ್ತು. ಯಜಮಾನರು, "ನಿನ್ನ ಸಲುವಾಗಿನ ಮಾಡಿದ್ವಿ. ಹಸಗೂಸ ಕಟಗೊಂಡು ಉಪಾಸ ಹೋಗಿದ್ರ ಏನಾಗತಿತ್ತು?" ಎಂದರು. ನಾನು ಕೂಸನ್ನು ಎತ್ತಿಕೊಂಡು ಒಳಗೆ ಹೋದೆ. ಅತ್ತೆಗೆ ಮಾತ್ರ ಒಂದು ದಿನ ಒಲೆಯ ಮುಂದೆ, ಯಾಕೆ ಮುಚ್ಚಿಟ್ಟಿರಿ ಅಂತ ಕೇಳಿಯೇಬಿಟ್ಟೆ.

"ನಮ್ಮವ್ವ ಹೋದಾಗ ನನಗೂ ಹಿಂಗ ಉಣಿಸಿ ಕಳಿಸಿದ್ರು" ಎಂದಳು. "ನಾ ಏನರ ಅಂದಿದ್ನೇನು?"

"ನೀವರ ಮುಖ ನೋಡಿದ್ರೇನ್ರಿ ಅತ್ತಿ?"

ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಇಲ್ಲ" ಎಂದು ಮತ್ತೆ ಬಡಿಯತೊಡಗಿದಳು.

ಟಪಾಲ ಅಣ್ಣ ನಮ್ಮ ಮನೆಯ ಮುಂದೆ ಬರುವುದನ್ನೇ ಬಿಟ್ಟ. ನಮ್ಮ ಟಪಾಲನ್ನು ಬಾಜು ಮನೆಯಲ್ಲಿ ಕೊಟ್ಟು ಹೋಗುತ್ತಿದ್ದ. ಎಷ್ಟು ದಿನ ತಪ್ಪಿಸಿಕೊಳ್ಳುತ್ತಾನೆ? ಒಂದು ದಿನ ಹಿಟ್ಟಿನ ಗಿರಣಿಯ ಹತ್ತಿರ ಸಿಕ್ಕ. ನಾನು ಹಿಟ್ಟಿನ ಬುಟ್ಟಿ ಇಳಿಸಿ ಅವನ ಸೈಕಲ್ಲಿನ ಹ್ಯಾಂಡಲ್ ಹಿಡಿದೆ. ಯಾವತ್ತೂ ಅವನಿಗೆ ರೀ ಹಚ್ಚಿ ಮಾತಾಡಿದವಳು ಅವತ್ತು ರೀ ಬಿಟ್ಟೆ.

"ಕಿಸೇದಾಗ ನಮ್ಮವ್ವನ ಸಾವ ಇಟಗೊಂಡು ಬಂದು ನನ್ನ ಕೈಲೆ ಬಡಿಸಿಕೊಂಡು ಉಂಡ್ಯಲ್ಲೋ ಅಣ್ಣಾ. ತುತ್ತ ಹೆಂಗ ಇಳೀತೋ?"

ಅವನು ಟೊಪ್ಪಿಗೆ ತೆಗೆದ. ಗಿರಣಿಯವರೆಲ್ಲ ನೋಡುತ್ತಿದ್ದರು. "ಇಳೀಲಿಲ್ಲ ತಂಗೆವ್ವಾ" ಎಂದ. "ಹಸದ ಹೋಗಬಾರದು ಅನ್ನೂದಷ್ಟ ತಲ್ಯಾಗಿತ್ತು. ಬಸ್ಸಿಂದ ನೆನಪ ಆಗ್ಲಿಲ್ಲ." ಅವನ ಕಣ್ಣಲ್ಲಿ ನೀರು ಬಂತು. ಹಾಗಂತ ನನ್ನ ಸಿಟ್ಟು ಹೋಯಿತು ಅಂತಲ್ಲ. ಹ್ಯಾಂಡಲ್ ಬಿಟ್ಟೆ, ಬುಟ್ಟಿ ಹೊತ್ತುಕೊಂಡು ಬಂದೆ.

ಮುಂದಿನ ಬೇಸಿಗೆಯಲ್ಲಿ ನಮ್ಮ ಎದುರು ಮನೆಗೆ ಗುಡಗೇರಿಯಿಂದ ಒಬ್ಬ ಹುಡುಗಿ ಸೊಸೆಯಾಗಿ ಬಂದಳು. ಲಗ್ನದ ಹಸಿರು ಬಳೆ ಇನ್ನೂ ಕೈಯಲ್ಲೇ ಇದ್ದವು, ಮಳೆಗಾಲ ಶುರುವಾಗುವಾಗ ಆಕೆಯ ಅಪ್ಪ ಹೋದ ಅಂತ ತಾರು ಬಂತು. ಟಪಾಲ ಅಣ್ಣ ಓಣಿಯ ತುದಿಗೆ ಸೈಕಲ್ ಇಳಿಯಲಿಲ್ಲ, ಕಟ್ಟೆಯ ಮೇಲೆ ಕೂರಲಿಲ್ಲ. ಸೈಕಲ್ಲನ್ನು ಬಾಗಿಲಿಗೇ ಬಿಸಾಕಿ ಒಳಗೆ ಹೋದ. ಆಕೆ ಊಟಕ್ಕೆ ಕೂತಿದ್ದಳು. "ಏಳವ್ವಾ. ನಿಮ್ಮಪ್ಪ ಹೋದ. ಬಸ್ ನಿಂದರಿಸಿ ಬಂದೇನಿ, ಏಳು" ಎಂದು ರಟ್ಟೆ ಹಿಡಿದು ಎಬ್ಬಿಸಿದ. ಆಕೆ ಎಂಜಲು ಕೈಯಲ್ಲೇ ಅಳುತ್ತಾ ಓಡಿದಳು, ಹಿಂದೆ ಗಂಡ ಓಡಿದ.

ಊರು ಸುಮ್ಮನಿದ್ದೀತೇ! ಉಣ್ಣುವವರ ಕೈ ಹಿಡಿದು ಎಬ್ಬಿಸಿದ, ಕಟುಕ, ವಯಸ್ಸಾದಂತೆ ಬುದ್ಧಿ ಕೆಟ್ಟಿತು ಅಂತ ಓಣಿ ತುಂಬ ಅದೇ ಮಾತು. ಅವನು ತನ್ನ ಪಾಡಿಗೆ ಟಪಾಲು ಹಂಚುತ್ತಾ ಹೋದ. ಕಡೆಗೆ ನಾನೇ ಕಟ್ಟೆಯ ಮೇಲೆ ನಿಂತು ಒದರಿದೆ: "ಬಾಯಿ ಮುಚಗೊಂಡ ಹೋಗ್ರಿ! ಆಕಿ ಬಂದಮ್ಯಾಲ ಆಕೀನ್ನ ಕೇಳ್ರಿ!" ಅವತ್ತಿನಿಂದ ನಾಲ್ಕು ಮನೆಯವರು ನನ್ನ ಜೊತೆ ಮಾತು ಬಿಟ್ಟರು. ಬಿಡಲಿ.

ಆ ಹುಡುಗಿ ದಿನಕರ್ಮ ಮುಗಿಸಿಕೊಂಡು ಬಂದ ಮೇಲೆ ಒಂದು ಮಧ್ಯಾಹ್ನ ನಮ್ಮ ಕಟ್ಟೆಗೆ ಬಂದು ಕೂತಳು. ಬಸ್ಸು ಸಿಕ್ಕಿತಂತೆ, ಮಣ್ಣಿಗೆ ಒಯ್ಯುವ ಮುಂಚೆ ಮುಟ್ಟಿದಳಂತೆ. ನಾನು ಕೂಸಿಗೆ ಎಣ್ಣೆ ಹಚ್ಚುವುದನ್ನು ಬಿಟ್ಟು ಕೇಳುತ್ತಾ ಕೂತೆ. ಅಪ್ಪನ ಹಣೆ ತಣ್ಣಗಿತ್ತು ಅಂದಳು. ಗಡ್ಡ ಬಂದಿತ್ತು, ಬಿಳೀ ಗಡ್ಡ, ಹೊಸದಾಗಿ ಬಂದದ್ದು, ಅದನ್ನು ಮುಟ್ಟಿ ನೋಡಿದೆ ಅಂದಳು. ಎಡಗಣ್ಣು ಪೂರಾ ಮುಚ್ಚಿರಲಿಲ್ಲ, ನಾನೇ ಬೆರಳಿನಿಂದ ಮುಚ್ಚಿದೆ ಅಂದಳು. ಮತ್ತೆ ಮತ್ತೆ ಕೇಳಿದೆ, ಆಕೆ ಮತ್ತೆ ಮತ್ತೆ ಹೇಳಿದಳು. ನನಗೆ ಆಕೆಯ ಮೇಲೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ, ಅಪ್ಪ ಸತ್ತ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸು ಊರಲ್ಲಿ ನಾನೊಬ್ಬಳೇ ಇರಬೇಕು.

ಆಕೆ ಹೊಸದಾಗಿ ಬಂದವಳು. ನನ್ನ ಸುದ್ದಿಯನ್ನು ಆಕೆಗೆ ಯಾರೂ ಪೂರಾ ಹೇಳಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ದುಃಖವನ್ನೂ ಕೇಳಬೇಕು ಅನಿಸಿರಬೇಕು, ನನ್ನ ಕೈ ಹಿಡಿದುಕೊಂಡಳು.

"ನಿಮ್ಮವ್ವಾರೂ ಈ ವರ್ಷನ ಹೋದ್ರಂತಲ್ರಿ ಅಕ್ಕಾ. ಅವರ ಮುಖ ಹೆಂಗಿತ್ರಿ?"

"ನೋಡ್ಲಿಲ್ಲವಾ" ಎಂದೆ. "ಆಕಿ ನನ್ನ ದಾರಿ ಕಾಯೂ ಹೊತ್ತಿನ್ಯಾಗ ನಾ ಉಣ್ಣಾಕತ್ತಿದ್ದೆ."